ಪದ್ಮಿನಿಯ ತಳಪಾಠ

ಮೋಟಾರು ಕಾರಿನ ತಳಕ್ಕೆ, ಅಂದರೆ ನೆಲಕ್ಕೆ ಮುಖ ಮಾಡಿ ಒಡೆಯನಿಗೆ ಬೆನ್ನು ಹಾಕಿಕೊಂಡಿರುವ ತಗಡಿಗೆ, ತುಕ್ಕು ಹಿಡಿಯದಿರಲೆಂದು ಬಳಿಯುವ ದಪ್ಪನೆಯ ಕಪ್ಪು ಲೇಪಕ್ಕೆ ಗ್ಯಾರೇಜಿನ ಪರಿಭಾಷೆಯಲ್ಲಿ 'ಅಂಡರ್‌ಕೋಟಿಂಗ್' ಎಂದು ಹೆಸರು. ಅವಸರದ ಮೇಸ್ತ್ರಿಗಳು ಅದನ್ನು ಬರೀ 'ಕೋಟಿಂಗ್' ಎನ್ನುತ್ತಾರೆ. ಇದನ್ನು ಬಳಿಯಲು ಅರ್ಧ ದಿನ, ಒಣಗಿಸಲು ಒಂದು ರಾತ್ರಿ ಸಾಕು. ಆದರೆ ಹತ್ತಿಪ್ಪತ್ತು ಮಳೆಗಾಲ ಕಂಡು ಮುಪ್ಪಾದ ಅದೇ ಲೇಪವನ್ನು ಕಿತ್ತು ತೆಗೆಯಲು ಎಷ್ಟು ಕಾಲ ಹಿಡಿಯುತ್ತದೆಂಬುದು ಲೇಪದ ಜಾತಿ, ಹವೆಯ ಸೆಕೆ, ಕೆರೆಯುವವನ ಭುಜಬಲ, ಆತನ ಮನೆಯವರ ಸಹನೆ ಎಂಬ ನಾಲ್ಕು ಅಂಶಗಳನ್ನು ಅವಲಂಬಿಸಿದ್ದು, ಇವುಗಳಲ್ಲಿ ಕೊನೆಯದು ಎಲ್ಲಕ್ಕಿಂತ ಮೊದಲು ಮುಗಿಯುವಂಥದು.

ಈ ಕಾರ್ಯಕ್ಕೆ ನೆರೆಯ ಶಾಸ್ತ್ರ ಯಾವುದೆಂದು ಕೇಳಿದರೆ ಗ್ರಂಥಸಂಪಾದನೆಯನ್ನೇ ಹೆಸರಿಸಬೇಕಾಗುತ್ತದೆ. ಡಿ. ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರಿಗೆ ತಿಳಿದಿರುವಂತೆ, ಕೃತಿಯೊಂದು ಕೈಯಿಂದ ಕೈಗೆ ಪ್ರತಿಯಾಗುತ್ತ ಬರುವಾಗ ಲಿಪಿಕಾರರ ಕೈತಪ್ಪುಗಳೂ ನಡುವೆ ಯಾರೋ ಸೇರಿಸಿದ ಸಾಲುಗಳೂ ಅದಕ್ಕೆ ಅಂಟಿಕೊಳ್ಳುತ್ತವೆ; ಹೀಗೆ ಸೇರಿಸಿದ್ದಕ್ಕೆ ಪ್ರಕ್ಷಿಪ್ತವೆಂದೂ, ಅದನ್ನೆಲ್ಲ ಬಿಡಿಸಿ ತಲುಪಬೇಕಾದ್ದಕ್ಕೆ ಮೂಲಪಾಠವೆಂದೂ ಹೆಸರು. ಕಾರು ಕೂಡ ಹಾಗೆಯೇ ಒಡೆಯನಿಂದ ಒಡೆಯನಿಗೆ ಸಾಗುವ ಕೃತಿಯಾದುದರಿಂದ, ಪ್ರತಿಯೊಬ್ಬ ಒಡೆಯನೂ ಅದರ ತಳಕ್ಕೆ ತನ್ನದೊಂದು ಪದರವನ್ನು ಬಳಿಸಿ, ಹಿಂದಿನವನ ತಪ್ಪನ್ನು ಮುಚ್ಚಿ, ಮುಂದಿನವನಿಗೆ ದಾಟಿಸಿರುತ್ತಾನೆ. ಪ್ರಸ್ತುತ ಪ್ರಬಂಧಕಾರನು ಕುಂದಾಪುರದ ಕಡೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಹಳಗನ್ನಡ ಕಲಿಸಿ ನಿವೃತ್ತನಾದವನಾದ್ದರಿಂದ, ನಾಲ್ಕನೆಯ ಕೈಯಲ್ಲಿ ಕೊಂಡ ತನ್ನ ಪ್ರೀಮಿಯರ್ ಪದ್ಮಿನಿಯ ಅಡಿಯಲ್ಲಿ ಮೂಲಪಾಠ ಅಡಗಿದೆಯೆಂಬ ಶಂಕೆ ಆತನಿಗೆ ಬಂದದ್ದು ಸಹಜವೇ ಆಗಿತ್ತು. ಆ ಶಂಕೆಯನ್ನು ಆತ ಶಂಕೆಯಾಗಿಯೇ ಉಳಿಸಿಕೊಳ್ಳಬಹುದಾಗಿತ್ತೆಂಬುದು ಮನೆಯಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಅಭಿಪ್ರಾಯ.

ಕರಾವಳಿಯ ಕಾರಿಗೆ ಲೇಪ ಏಕೆ ಬೇಕಾಯಿತೆಂಬುದನ್ನು ತಿಳಿಯಲು ಮರವಂತೆಯಲ್ಲಿ ಒಂದು ಗಳಿಗೆ ನಿಂತರೆ ಸಾಕು. ಅಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಘಟ್ಟದ ಮೇಲಿನಿಂದ ಬಂದವರು ಕಾರು ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುವಷ್ಟು ಹೊತ್ತು ಕಾರಿನ ಹೊಟ್ಟೆಯಡಿಗೆ ಉಪ್ಪಿನ ಹನಿಗಳ ಅಭಿಷೇಕ ನಡೆದಿರುತ್ತದೆ. ತುಕ್ಕೆಂದರೆ ಕಬ್ಬಿಣವು ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ಆಕ್ಸೈಡಾಗಿ ಮಾರ್ಪಡುವ ಕ್ರಿಯೆ. ಇದು ವಾಸ್ತವವಾಗಿ ತಗಡಿನ ಮೇಲೆ ನಡೆಯುವ ಕಿರುವಿದ್ಯುತ್ತಿನ ವ್ಯವಹಾರವಾಗಿದ್ದು, ನೀರಿಗೆ ಉಪ್ಪು ಬೆರೆತರೆ ವಿದ್ಯುತ್ತಿಗೆ ದಾರಿ ಸಲೀಸಾಗಿ ವ್ಯವಹಾರ ಬಿರುಸಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪು ತೇಲುವ ಈ ಸೀಮೆಯಲ್ಲಿ ಕಬ್ಬಿಣದ ಗೇಟು, ಕಿಟಕಿಯ ಸರಳು, ಬಾವಿಯ ರಾಟೆ ಎಲ್ಲವೂ ಕೆಂಪಾಗುವಾಗ ಕಾರೊಂದೇ ಬೆಳ್ಳಗಿರಬೇಕೆಂದು ಬಯಸುವುದು ದುರಾಸೆಯೇ ಸರಿ.

ಪದ್ಮಿನಿಯ ವಂಶಾವಳಿಯನ್ನೂ ಇಲ್ಲಿ ಚುಟುಕಾಗಿ ಹೇಳಬೇಕು. ಇಟಲಿಯ ಫಿಯೆಟ್ 1100 ಮಾದರಿಯನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು 1970ರ ದಶಕದಲ್ಲಿ ಅದಕ್ಕೆ ಚಿತ್ತೋರದ ರಾಣಿಯ ಹೆಸರಿಟ್ಟಿತಾದರೂ, ಊರಿನ ಜನ ಅದನ್ನು ಕೊನೆಯವರೆಗೂ 'ಫಿಯೆಟ್' ಎಂದೇ ಕರೆದರು. ಮುಂಬಯಿಯ ಬೀದಿಗಳಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿದ ಇದರ ಕೊನೆಯ ಪೀಳಿಗೆ 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತವಾಯಿತು. ಈ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿ, ಅಂದರೆ ಹೊರೆ ಹೊರುವ ಉಕ್ಕಿನ ಚೌಕಟ್ಟು, ಇಲ್ಲ. ನೆಲದ ತಗಡು, ಬಾಗಿಲಡಿಯ ಪೆಟ್ಟಿಗೆಯಾಕಾರದ ತೊಲೆ, ಮಾಡು ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ತಾವೇ ಚೌಕಟ್ಟಾಗಿವೆ. ಆದಕಾರಣ ತಳದ ತಗಡು ಸವೆದರೆ ಕೂಡುಕುಟುಂಬದಲ್ಲಿ ಒಬ್ಬ ಮುನಿಸಿಕೊಂಡಂತೆ ಬಾಗಿಲು ಸರಿಯಾಗಿ ಮುಚ್ಚದಿರುವುದರಿಂದ ಹಿಡಿದು ಕಾರು ಒಂದು ಬದಿಗೆ ಎಳೆಯುವವರೆಗೆ ಎಲ್ಲ ಅಂಗಗಳಲ್ಲೂ ಅದರ ಪರಿಣಾಮ ಕಾಣಿಸಿಕೊಳ್ಳುತ್ತದೆ.

ನೀರನ್ನು ತಡೆಯಲು ಕಪ್ಪು ಅಂಟನ್ನು ಬಳಿಯುವ ವಿದ್ಯೆ ಮೋಟಾರು ಕಾರಿಗಿಂತ ತುಂಬ ಹಿರಿಯದು. ಮೊಹೆಂಜೊದಾರೊದ ಮಹಾಸ್ನಾನಗೃಹದ ಇಟ್ಟಿಗೆಗಳ ಹಿಂದೆ ನೈಸರ್ಗಿಕ ಡಾಂಬರಿನ ಪದರವಿದೆ. ಕರಾವಳಿಯ ಬೆಸ್ತರು ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿದು ಅದನ್ನೇ ಸಾಧಿಸಿದರು. ಡಾಂಬರಿನ ಸ್ವಭಾವವನ್ನು ಅರಿಯಬಯಸುವವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪ್ರಯೋಗವೊಂದನ್ನು ಅವಶ್ಯ ಗಮನಿಸಬೇಕು. ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು 1927ರಲ್ಲಿ, ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುವ ಪಿಚ್ ಎಂಬ ಡಾಂಬರಿನ ಜಾತಿಯ ವಸ್ತುವನ್ನು ಕಾಯಿಸಿ ಆಲಿಕೆಗೆ ಹೊಯ್ದು, 1930ರಲ್ಲಿ ಅದರ ಬುಡವನ್ನು ಕತ್ತರಿಸಿ, ಅದು ದ್ರವವೇ ಎಂಬುದನ್ನು ತೋರಿಸಲು ತೊಟ್ಟಿಕ್ಕಲು ಬಿಟ್ಟರು. ಮೊದಲ ಹನಿ ಬಿದ್ದದ್ದು 1938ರಲ್ಲಿ, ಒಂಬತ್ತನೆಯದು 2014ರಲ್ಲಿ. ಪಾರ್ನೆಲ್ ಅವರ ಅನಂತರ ಅದರ ಉಸ್ತುವಾರಿ ವಹಿಸಿದ ಜಾನ್ ಮೈನ್‌ಸ್ಟೋನ್ ಅವರು 1988ರಲ್ಲಿ ಏನೋ ಕುಡಿದು ಬರೋಣವೆಂದು ಐದು ನಿಮಿಷ ಆಚೆ ಹೋದಾಗ ಒಂದು ಹನಿ ಬಿತ್ತು. 2000ದಲ್ಲಿ ಕಾವಲಿಗಿಟ್ಟ ಕ್ಯಾಮೆರಾ ಕೈಕೊಟ್ಟಾಗ ಮತ್ತೊಂದು ಬಿತ್ತು. ಡಾಂಬರು ತನಗೆ ಮನಸ್ಸಾದಾಗ, ಅದೂ ಯಾರೂ ನೋಡದಿರುವಾಗ, ಬಿಟ್ಟುಕೊಡುವ ಪದಾರ್ಥವೆಂದು ಇದರಿಂದ ತಿಳಿಯುತ್ತದೆ. ಕಾರಿನಡಿ ಮಲಗಿ ಕಣ್ಣು ಮಿಟುಕಿಸದೆ ನೋಡುತ್ತಿರುವವನ ಎದುರಿನಲ್ಲಿ ಅದು ಬಿಟ್ಟುಕೊಡುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಲೇಪಗಳಲ್ಲಿ ಸ್ಥೂಲವಾಗಿ ಮೂರು ಕುಲಗಳಿವೆ. ಡಾಂಬರನ್ನು ದ್ರಾವಕದಲ್ಲಿ ಕಲಸಿ, ಕೆಲವೊಮ್ಮೆ ರಬ್ಬರು ಸೇರಿಸಿ, ಬಳಿಯುವಂಥದು ಒಂದು. ಮೇಣವನ್ನೂ ಎಣ್ಣೆಯನ್ನೂ ಬೆರೆಸಿ ಸಿಂಪಡಿಸುವಂಥದು ಇನ್ನೊಂದು. ಕಾರ್ಖಾನೆಯಲ್ಲಿಯೇ ಪಿವಿಸಿಯನ್ನು ಹಚ್ಚಿ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುವಂಥದು ಮೂರನೆಯದು. ಹಿಂದಿನ ಕಾಲದ ಕೆಲವು ಲೇಪಗಳಲ್ಲಿ ಕಲ್ನಾರು, ಅಂದರೆ ಶ್ವಾಸಕೋಶಕ್ಕೆ ಕೇಡು ತರುವ ಆಸ್ಬೆಸ್ಟಾಸ್ ಎಳೆ ಕೂಡ ಇರುತ್ತಿದ್ದುದರಿಂದ ಹಳೆಯ ಲೇಪವನ್ನು ಒಣಗಿದ ಸ್ಥಿತಿಯಲ್ಲಿ ಧೂಳೆಬ್ಬಿಸಿ ಉಜ್ಜುವುದು ಬುದ್ಧಿವಂತಿಕೆಯಲ್ಲ. ಡಾಂಬರಿನ ಕುಲದ ದೊಡ್ಡ ದೋಷವೆಂದರೆ ವಯಸ್ಸಾದಂತೆ ಅದರ ಸ್ನಿಗ್ಧತೆ ಹೋಗಿ ಒಡಕು ಬಿಡುತ್ತದೆ. ಕೂದಲೆಳೆಯಷ್ಟು ಸಂದಿಯಲ್ಲಿ ಒಳಹೊಕ್ಕ ಉಪ್ಪುನೀರಿಗೆ ಹೊರಗೆ ಬರುವ ದಾರಿ ತಿಳಿಯದೆ ಅದು ಅಲ್ಲಿಯೇ ಬಿಡಾರ ಹೂಡುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವಂಥದಾದ್ದರಿಂದ ಲೇಪವು ನಿಧಾನವಾಗಿ ತಗಡಿನಿಂದ ಮೇಲಕ್ಕೆ ಎದ್ದು ಹಪ್ಪಳದಂತೆ ಉಬ್ಬುತ್ತದೆ. ಹೊರಗಿನಿಂದ ನೋಡಿದವರಿಗೆ ಮಾತ್ರ ಅದು ತುಂಬಿದ ಮೈಯ ಆರೋಗ್ಯದಂತೆ ಕಾಣುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ಮಾಡಿದವನು ಕಾರಿನಡಿ ನುಸುಳಿದ್ದವನೇ ಇರಬೇಕೆಂದು ಊಹಿಸಲು ಆಧಾರವಿಲ್ಲವಾದರೂ ಆಸೆಯಾಗುತ್ತದೆ. ಸಾಲದ್ದಕ್ಕೆ, ಬಾಗಿಲಡಿಯ ತೊಲೆಯೊಳಗೆ ಸೇರಿದ ನೀರು ಬಸಿದುಹೋಗಲೆಂದು ಕಾರ್ಖಾನೆಯವರು ಕೊರೆದಿಟ್ಟ ರಂಧ್ರಗಳನ್ನು ಲೇಪ ಬಳಿಯುವ ಹುಡುಗ ತೂತೆಂದು ಭಾವಿಸಿ ಶ್ರದ್ಧೆಯಿಂದ ಮುಚ್ಚಿರುತ್ತಾನೆ. ಹೀಗೆ ತುಕ್ಕನ್ನು ತಡೆಯಲೆಂದು ಬಂದ ಲೇಪವು ಮಳೆ, ಗಾಳಿ, ನೀರಿನ ಪೈಪು, ಒಡೆಯನ ದೃಷ್ಟಿ ಇವು ಯಾವುವೂ ತಾಗದಂತೆ ತುಕ್ಕನ್ನು ಕಾಪಾಡುತ್ತದೆ. ಹಾಗೆಯೇ ಒಡೆಯನ ನಿದ್ದೆಯನ್ನೂ ಕಾಪಾಡುತ್ತದೆ.

ಪ್ರಬಂಧಕಾರನ ನಿದ್ದೆ ಹೋದದ್ದು ಒಂದು ಕನ್ನಡಿಯಿಂದ. ದೆಹಲಿಯ ಸುಲ್ತಾನನಿಗೆ ರಾಣಿ ಪದ್ಮಿನಿಯ ಮುಖ ಕನ್ನಡಿಯ ಪ್ರತಿಬಿಂಬದಲ್ಲಷ್ಟೇ ಕಾಣಿಸಿತೆಂಬ ಐತಿಹ್ಯವನ್ನು ತರಗತಿಯಲ್ಲಿ ಹೇಳುತ್ತಿದ್ದ ಆತ, ಬಗ್ಗಿದರೆ ಸೊಂಟ ಏಳದ ವಯಸ್ಸಿನಲ್ಲಿ ಕ್ಷೌರದ ಕನ್ನಡಿಯನ್ನು ಪೊರಕೆಯ ಕೋಲಿಗೆ ಕಟ್ಟಿ ಕಾರಿನಡಿ ತೂರಿಸಿದಾಗ, ಚಾಲಕನ ಆಸನದ ಕೆಳಗೆ ಅಂಗೈಯಗಲದ ಉಬ್ಬೊಂದು ಕಂಡಿತು. ಸುಲ್ತಾನನಂತೆ ಈತನೂ ಅಲ್ಲಿಗೇ ನಿಲ್ಲಿಸಲಿಲ್ಲ. ಕಾರಿನ ನೋಂದಣಿ ಪತ್ರಕ್ಕೆ ಹದಿನೈದು ವರ್ಷದ ಅವಧಿ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ತಪಾಸಣೆ ಮಾಡಿಸಿ ನವೀಕರಿಸಬೇಕಾದ ನಿಯಮವಿದ್ದು, ಆ ದಿನವೂ ಹತ್ತಿರವಾಗಿತ್ತೆಂಬುದು ಆತ ಮನೆಯಲ್ಲಿ ಮುಂದಿಟ್ಟ ಕಾರಣ. ಊರಿನ ಗ್ಯಾರೇಜಿನ ಮೇಸ್ತ್ರಿ, ಮೂವತ್ತು ವರ್ಷ ಟಿಂಕರಿಂಗ್ ಮಾಡಿ, ಅಂದರೆ ನೆಗ್ಗಿದ ತಗಡನ್ನು ಬಡಿದು ಬೆಸೆದು ಸರಿಪಡಿಸುವ ಕೆಲಸ ಮಾಡಿ, ಅನುಭವ ಗಳಿಸಿದವನು, ಆ ಉಬ್ಬನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಎರಡು ಬಾರಿ ಕುಟ್ಟಿ, ಹಲಸಿನಹಣ್ಣು ಬಡಿದು ನೋಡುವವನಂತೆ ಸದ್ದು ಕೇಳಿ, "ಕೆರುಕ್ ಹೋಬೇಡಿ ಮಾಷ್ಟ್ರೇ, ಗಾಡಿ ಹಿಡ್ಕಂಡ್ ಇಪ್ಪುದೇ ಅದ್" ಎಂದು ಎಚ್ಚರಿಸಿದನು. ವಾಹನತಳ ವಿಜ್ಞಾನದಲ್ಲಿ ಇದಕ್ಕಿಂತ ಸಂಕ್ಷಿಪ್ತವಾದ ಸೂತ್ರ ಇನ್ನೊಂದಿರಲಾರದು. ಆದರೆ ವಿದ್ವಾಂಸರು ಸೂತ್ರಕ್ಕಿಂತ ಭಾಷ್ಯವನ್ನು ನಂಬುವವರು.

ಲೇಪವನ್ನು ತೆಗೆಯುವ ಮಾರ್ಗಗಳಲ್ಲಿ ಮೊದಲನೆಯದು ಉಷ್ಣಮಾರ್ಗ. ರಸ್ತೆಯ ಡಾಂಬರು ಐವತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಮೆತ್ತಗಾಗತೊಡಗುವಂತೆ ಈ ಲೇಪವೂ ಬಿಸಿಗೆ ಸಡಿಲವಾಗುವುದರಿಂದ, ಬಿಸಿಗಾಳಿ ಊದುವ ಹೀಟ್‌ಗನ್ನನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಅಗಲ ಬಾಯಿಯ ಸ್ಕ್ರೇಪರನ್ನು ತಗಡಿಗೆ ಓರೆಯಾಗಿ ಒತ್ತಿ ತಳ್ಳುತ್ತ ಹೋದರೆ ಲೇಪವು ದೋಸೆ ಎದ್ದಂತೆ ಎದ್ದು ಬರುತ್ತದೆ. ಪೆಟ್ರೋಲಿನ ಟ್ಯಾಂಕು, ಅದರ ನಳಿಕೆ, ಬ್ರೇಕಿನ ಎಣ್ಣೆ ಹರಿಯುವ ಕೊಳವೆ ಇವೆಲ್ಲ ಅದೇ ತಳದಲ್ಲಿ ಹಾದುಹೋಗಿರುತ್ತವಾದ್ದರಿಂದ ಕಾವು ಅತಿಯಾದರೆ ದೋಸೆಯೊಡನೆ ಕಾವಲಿಯೂ ಎದ್ದುಹೋಗುವ ಭಯವುಂಟು. ಎರಡನೆಯದಾದ ಶೀತಮಾರ್ಗದಲ್ಲಿ, ಘನರೂಪದ ಇಂಗಾಲದ ಡೈಆಕ್ಸೈಡನ್ನು, ಅಂದರೆ ಮೈನಸ್ 78 ಡಿಗ್ರಿಯಷ್ಟು ತಣ್ಣಗಿರುವ, ಕರಗಿ ನೀರಾಗದೆ ನೇರ ಆವಿಯಾಗುವ ಡ್ರೈ ಐಸನ್ನು ತಗಡಿಗೆ ತಾಗಿಸಿ, ಲೇಪ ಪೆಡಸಾದ ಕೂಡಲೇ ರಬ್ಬರಿನ ಸುತ್ತಿಗೆಯಿಂದ ಬಡಿದು ಉದುರಿಸುತ್ತಾರೆ. ಇದನ್ನು ಓದಿ ತಿಳಿದ ಪ್ರಬಂಧಕಾರನು ಡ್ರೈ ಐಸ್ ಸಿಕ್ಕದೆ, ಶೀತವೆಲ್ಲ ಶೀತವೇ ಎಂಬ ಅಭೇದಭಾವದಿಂದ ಮೀನು ಸಾಗಿಸುವ ಟೆಂಪೊದವನಿಂದ ಎರಡು ಬುಟ್ಟಿ ಮಂಜುಗಡ್ಡೆಯನ್ನು ತರಿಸಿದನು. ಸೊನ್ನೆ ಡಿಗ್ರಿಯ ಈ ಮಂಜಿನಿಂದ ಲೇಪದ ಸ್ಥಿತಿಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಅಂಗಳದಲ್ಲಿ ಬಂಗುಡೆಯ ವಾಸನೆ ಮೂರು ದಿನ ಉಳಿಯಿತು, ಕೇರಿಯ ಏಳು ಬೆಕ್ಕುಗಳು ಕಾರಿನಡಿಯ ವಿಷಯದಲ್ಲಿ ಗಂಭೀರವಾದ ಆಸಕ್ತಿ ತಳೆದವು.

ದ್ರಾವಕಗಳ ಮಾರ್ಗ ಮೂರನೆಯದು. ಸೀಮೆಎಣ್ಣೆಯಾಗಲಿ ಟರ್ಪೆಂಟೈನಾಗಲಿ ಮೇಣದ ಲೇಪವನ್ನು ಚೆನ್ನಾಗಿ ಕರಗಿಸುತ್ತದೆ. ಡಾಂಬರನ್ನು ಮಾತ್ರ ಕರಗಿಸಿದಂತೆ ಮಾಡಿ, ಲೇಹ್ಯದ ಹದಕ್ಕೆ ತಂದು, ಗುರುತ್ವಾಕರ್ಷಣೆಯ ನಿಯಮಕ್ಕೆ ಅನುಸಾರವಾಗಿ ಕೆಳಗೆ ಮಲಗಿದವನ ಮೊಣಕೈವರೆಗೆ ಹರಿಸುತ್ತದೆ. ತಿರುಗುವ ಗ್ರೈಂಡರಿಗೆ ತಂತಿಯ ಬ್ರಷ್ಷನ್ನು ಸಿಕ್ಕಿಸಿ ಉಜ್ಜುವ ಯಾಂತ್ರಿಕ ಮಾರ್ಗವೂ ಇದೆಯಾದರೂ, ಮೆತ್ತಗಿನ ಡಾಂಬರಿಗೆ ಅದನ್ನು ಹಿಡಿದರೆ ಅರ್ಧ ಲೇಪ ಬ್ರಷ್ಷಿನಲ್ಲೂ ಉಳಿದರ್ಧ ಕಾಂಪೌಂಡಿನ ಗೋಡೆಯಲ್ಲೂ ಮರುಮುದ್ರಣಗೊಳ್ಳುತ್ತದೆ. ಮರಳನ್ನು ವೇಗವಾಗಿ ಚಿಮ್ಮಿಸುವ ವಿಧಾನದಲ್ಲಿ ಹಾರುವ ಸಿಲಿಕಾದ ಧೂಳು ಪುಪ್ಪುಸಕ್ಕೆ ಮಾರಕವೆಂಬುದರಿಂದ ಮನೆಯಂಗಳದಲ್ಲಿ ಅದರ ಮಾತೇ ಬೇಡ. ಉಳಿದದ್ದು ಹೀಟ್‌ಗನ್ನು, ಸ್ಕ್ರೇಪರು, ಕನ್ನಡಕ, ಮುಖಗವಸು. ಕಾರನ್ನು ಜಾಕಿಯಿಂದ ಎತ್ತಿ, ಕಬ್ಬಿಣದ ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಅಲುಗಾಡಿಸಿ ನೋಡಿದ ಮೇಲಲ್ಲದೆ ಅದರಡಿ ನುಸುಳಬಾರದೆಂಬುದೊಂದನ್ನು ಮಾತ್ರ ಇಲ್ಲಿ ನಗೆಯಿಲ್ಲದೆ ಹೇಳಬೇಕು, ಏಕೆಂದರೆ ಜಾಕಿಯೊಂದನ್ನೇ ನಂಬಿದವರಲ್ಲಿ ಪ್ರಬಂಧ ಬರೆಯಲು ಉಳಿಯದವರೂ ಇದ್ದಾರೆ.

ಕೆಲಸ ಸಾಗಿದ ಬಗೆ ಹೀಗೆ. ಹಳೆಯ ಚಾಪೆಯ ಮೇಲೆ ಅಂಗಾತ ಮಲಗಿದವನ ಮೂಗಿನಿಂದ ಒಂದು ಗೇಣು ದೂರದಲ್ಲಿ ತಗಡು. ಎಡಗೈಯ ಹೀಟ್‌ಗನ್ನು ಒಂದೆಡೆ ಇಪ್ಪತ್ತೆಣಿಸುವಷ್ಟು ಹೊತ್ತು ನಿಂತರೆ ಲೇಪದ ಮೈ ಮೊದಲು ಹೊಳೆದು, ಆಮೇಲೆ ಬೆವರಿ, ಕೊನೆಗೆ ತುಸು ಜೋಲುತ್ತದೆ. ಆ ಕ್ಷಣದಲ್ಲಿ ಸ್ಕ್ರೇಪರನ್ನು ತಳ್ಳಿದರೆ ಎರಡು ಬೆರಳಗಲದ ಕಪ್ಪು ಸುರುಳಿಯೊಂದು ಸುತ್ತಿಕೊಳ್ಳುತ್ತ ಬಂದು, ಎದೆಯ ಮೇಲೆ ಹರಡಿದ ಗೋಣಿಗೆ ಬೀಳುವ ಬದಲು ಅಂಗಿಯ ಕಾಲರಿನೊಳಗೆ ಬೀಳುತ್ತದೆ. ಮೊದಲ ಪದರ ಕಪ್ಪು, ಎರಡನೆಯದು ಬೂದು, ಮೂರನೆಯದು ಸರ್ವಿಸ್ ಸ್ಟೇಷನ್ನಿನವರು ವರ್ಷವರ್ಷವೂ ಸಿಂಪಡಿಸಿದ ಎಣ್ಣೆ ಮತ್ತು ಕೆಂಪು ಧೂಳು ಸೇರಿ ಆದ ಗಸಿ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಅಂಟಿಕೊಂಡಿದ್ದ ವೃತ್ತಪತ್ರಿಕೆಯ ಚೂರೊಂದು, ಎಂದೋ ಬಣ್ಣ ತಾಗದಿರಲೆಂದು ಅಂಟಿಸಿ ಮರೆತದ್ದು, ಅಕ್ಷರಗಳನ್ನು ಪದರಕ್ಕೆ ತಿರುವುಮುರುವಾಗಿ ಅಚ್ಚೊತ್ತಿ ಹೋಗಿತ್ತು. ಅದನ್ನು ಓದಲು ಕ್ಷೌರದ ಕನ್ನಡಿ ಎರಡನೆಯ ಬಾರಿ ಬೇಕಾಯಿತು. ಓದಿದಾಗ ಅದು ಅಡಿಕೆ ಧಾರಣೆ. ಇಸವಿ ಇರಲಿಲ್ಲವಾದರೂ ದರವನ್ನು ನೋಡಿ ಕಾಲನಿರ್ಣಯ ಮಾಡಬಹುದೆಂಬ ಉತ್ಸಾಹದಲ್ಲಿ ಆತ ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಗೇಟಿನ ಬಳಿ ಹಾದುಹೋಗುತ್ತಿದ್ದ ನೆರೆಮನೆಯಾಕೆ ಕಾರಿನಡಿಯಿಂದ ಹೊರಚಾಚಿದ ಎರಡು ಪಾದಗಳನ್ನು ಕಂಡು ಗಾಬರಿಯಾಗಿ "ಮಾಷ್ಟ್ರಿಗೆ ಎಂತ ಆಯ್ತ್ ಅಮ್ಮ?" ಎಂದು ಕೂಗಿದಾಗ, ಅಡುಗೆಮನೆಯ ಕಿಟಕಿಯಿಂದ ಪತ್ನಿಯ ಉತ್ತರ ಬಂತು: "ಎಂತ ಆಯಿಲ್ಲ, ಓದ್ತಾ ಇದ್ರ್."

ನಾಲ್ಕನೆಯ ದಿನ ಸಂಜೆ ಚಾಲಕನ ಆಸನದ ಕೆಳಗಿನ ಆ ಉಬ್ಬನ್ನು ಬಿಡಿಸಿದಾಗ ಹಳದಿ ಬಣ್ಣವೊಂದು ಕಾಣಿಸಿತು. ಕಾರ್ಖಾನೆಯ ಮೂಲಬಣ್ಣ ಸಿಕ್ಕಿತೆಂಬ ಸಂಭ್ರಮದಲ್ಲಿ ಸುತ್ತಲೂ ಕೆರೆದರೆ ಹಳದಿಯ ನಡುವೆ ಹಸಿರು ತಾಳೆಮರವೊಂದು ಮೂಡಿಬಂತು. ಹಿಂದಿನ ಒಡೆಯರಲ್ಲೊಬ್ಬ ಕಾರಿನ ನೆಲದ ತೂತನ್ನು ವನಸ್ಪತಿ ತುಪ್ಪದ ಡಬ್ಬಿಯ ತಗಡಿನಿಂದ ಮುಚ್ಚಿಸಿ, ಸುತ್ತ ಅಂಟು ಮೆತ್ತಿಸಿ, ಮೇಲೆ ಲೇಪ ಬಳಿಸಿದ್ದನು. ಪ್ರಕ್ಷಿಪ್ತಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಯಾವ ಓಲೆಗರಿಯಲ್ಲೂ ದೊರೆಯುವುದು ದುರ್ಲಭ. ತಾಳೆಮರವನ್ನು ಸ್ಕ್ರೇಪರಿನ ತುದಿಯಿಂದ ಮೆಲ್ಲನೆ ಎತ್ತಿದಾಗ ಅದರ ಹಿಂದೆ ತಗಡು ಇರಲಿಲ್ಲ, ಕಾರಿನೊಳಗಿನ ಕಾಲೊರಸಿನ ಬೆನ್ನು ಇತ್ತು. ಹಸ್ತಪ್ರತಿಯಲ್ಲಿ ಹುಳು ತಿಂದೋ ಗರಿ ಮುರಿದೋ ಪಾಠ ಕಳೆದುಹೋದ ಎಡೆಗೆ ಸಂಪಾದಕರು 'ಗ್ರಂಥಪಾತ' ಎಂದು ಚುಕ್ಕಿಗಳನ್ನಿಟ್ಟು ಮುಂದೆ ಹೋಗುತ್ತಾರೆ. ಕಾರಿನಲ್ಲಿ ಹಾಗೆ ಚುಕ್ಕಿಯಿಟ್ಟು ಮುಂದೆ ಹೋಗಲು ಬರುವುದಿಲ್ಲ, ಅದರಲ್ಲೂ ಕ್ಲಚ್ ತುಳಿಯುವ ಕಾಲಿನ ಹತ್ತಿರ. ಮೇಸ್ತ್ರಿಯ ಸೂತ್ರದ ಅರ್ಥ ಆಗ ಪೂರ್ಣವಾಗಿ ಬೆಳಗಿತು.

ಆತನನ್ನು ಪುನಃ ಕರೆಸಲಾಯಿತು. ಪೆಟ್ರೋಲಿನ ಟ್ಯಾಂಕನ್ನು ಬಿಚ್ಚಿ ದೂರವಿಟ್ಟು, ಸಡಿಲ ತಗಡನ್ನು ಕತ್ತರಿಸಿ, ಹೊಸ ತಗಡನ್ನು ವೆಲ್ಡ್ ಮಾಡಿ ಕೂಡಿಸುವಾಗ ಆತ 'ನಾನು ಮೊದಲೇ ಹೇಳಿದ್ದೆ' ಎಂದು ಒಮ್ಮೆಯೂ ಅನ್ನಲಿಲ್ಲ. ಬಿಲ್ಲಿನಲ್ಲಿ ಮಾತ್ರ ಆ ವಾಕ್ಯ ಅಂಕಿಗಳಲ್ಲಿತ್ತು. ಪೂರ್ತಿ ಹೋಗದೆ ಉಳಿದ ತುಕ್ಕಿಗೆ ಟ್ಯಾನಿಕ್ ಆಮ್ಲವಿರುವ ದ್ರವವನ್ನು ಹಚ್ಚಿದರೆ ಅದು ಕಬ್ಬಿಣದೊಡನೆ ಕೂಡಿ ನೀಲಿಗಪ್ಪಾಗಿ ಗಟ್ಟಿಯಾಗುತ್ತದೆ. ಬಾಳೆಕಾಯಿ ಹೆಚ್ಚಿದ ಮೆಟ್ಟುಕತ್ತಿಯ ಅಲಗು ಕಪ್ಪಾಗುವುದೂ, ಅಳಲೆಕಾಯಿಯ ಒಗರಿಗೆ ಅನ್ನಭೇದಿಯೆಂಬ ಕಬ್ಬಿಣದ ಲವಣ ಬೆರೆಸಿ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ರಸಾಯನ. ಹಳೆಯ ಕಾಗದದ ಹಸ್ತಪ್ರತಿಗಳ ಶಾಯಿಯೇ ಬ್ರಷ್ಷಿನಡಿ ಮರುಹುಟ್ಟು ಪಡೆಯುವುದನ್ನು ಕಂಡ ಪ್ರಬಂಧಕಾರನು ಅಗತ್ಯಕ್ಕಿಂತ ಎರಡು ಕೈ ಹೆಚ್ಚಾಗಿಯೇ ಬಳಿದನು. ಅದರ ಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಬಣ್ಣ. ಎರಡು ದಿನ ಕಾರು ಸ್ಟ್ಯಾಂಡುಗಳ ಮೇಲೆ ಕೆಂಪು ಕಾವಿಯುಟ್ಟ ಸನ್ಯಾಸಿಯಂತೆ ನಿಂತಿತ್ತು. ಎಲ್ಲವನ್ನೂ ತೊರೆದ ಆ ತಳವನ್ನು ಹಾಗೆಯೇ ಬಿಟ್ಟುಬಿಡುವ ಯೋಚನೆಯೂ ಒಂದು ಗಳಿಗೆ ಬಂದುಹೋಯಿತು. ಆದರೆ ಮೇ ಮುಗಿಯುತ್ತಿತ್ತು, ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

ಹೊಸ ಲೇಪದ ಡಬ್ಬಿಯನ್ನು ತೆರೆಯುವ ಮುನ್ನ, ಹಿಂದಿನ ಲಿಪಿಕಾರರ ತಪ್ಪು ಮರುಕಳಿಸಬಾರದೆಂದು, ನೀರು ಬಸಿಯುವ ರಂಧ್ರಗಳನ್ನೆಲ್ಲ ಹುಡುಕಿ ಎಣಿಸಿ, ಉತ್ತರಪತ್ರಿಕೆ ತಿದ್ದುತ್ತಿದ್ದ ಕಾಲದ ಕೆಂಪು ಪೆನ್ಸಿಲ್ ತುಂಡುಗಳನ್ನು ಒಂದೊಂದಕ್ಕೆ ಒಂದರಂತೆ ಬಿರಡೆಯಾಗಿ ಚುಚ್ಚಲಾಯಿತು; ಲೇಪ ಒಣಗಿದ ಮೇಲೆ ಅವನ್ನು ಕಿತ್ತರೆ ರಂಧ್ರಗಳು ತೆರೆದೇ ಉಳಿಯುತ್ತವೆ. ಚುಚ್ಚಿದ್ದು ಒಂಬತ್ತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲಾಗಿದೆ. ಮಾರನೆಯ ಬೆಳಿಗ್ಗೆ ಕಿತ್ತು ಚಾಪೆಯ ಮೇಲೆ ಸಾಲಾಗಿ ಇಟ್ಟಾಗ ಎಂಟು ಇದ್ದವು. ಕ್ಷೌರದ ಕನ್ನಡಿಯನ್ನು ಮೂರನೆಯ ಬಾರಿ ಕೋಲಿಗೆ ಕಟ್ಟಿ ಇಡೀ ತಳವನ್ನು ಎರಡು ಸಲ ಪರಿಶೀಲಿಸಿದರೂ, ಎಲ್ಲೆಡೆ ಒಂದೇ ಸಮನಾಗಿ ಕಪ್ಪಗೆ ಮಿರುಗುತ್ತಿದ್ದ ಲೇಪದಲ್ಲಿ ಒಂಬತ್ತನೆಯ ಪೆನ್ಸಿಲು ಎಲ್ಲಿದೆಯೆಂಬುದು ಗೊತ್ತಾಗಲಿಲ್ಲ; ಅಷ್ಟರಲ್ಲಿ ಮಳೆ ಹಿಡಿಯಿತು.